ನಿಂತ ಗಾಡಿ ಬಿದ್ದರೆ

ಮೈಸೂರು

ಚಿ. ಪುಟ್ಟಿಗೆ,

ನಿಮ್ಮಪ್ಪ ಮೊನ್ನೆ ಫೋನ್ ಮಾಡಿದ್ದ. ನಿನ್ನ ಆಫೀಸಿನ ಬೇಸ್‌ಮೆಂಟಿನಿಂದ ಮೇಲೆ ಹತ್ತುವ ದಾರಿಯ ತಿರುವಿನಲ್ಲಿ ಮುಂದಿನ ಕಾರು ಗಕ್ಕನೆ ನಿಂತಿತಂತೆ. ನೀನೂ ಬೈಕು ನಿಲ್ಲಿಸಬೇಕಾಗಿ ಬಂದು, ಗಾಡಿ ಎಡಕ್ಕೆ ವಾಲಿ ಮಲಗಿಬಿಟ್ಟಿತಂತೆ. ಹಿಂದಿನವರು ಹಾರ್ನ್ ಹೊಡೆದರಂತೆ, ನೀನು ಗಡಿಬಿಡಿಯಲ್ಲಿ ಒಬ್ಬಳೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತಂತೆ. ಅಂದಿನಿಂದ ಗಾಡಿ ಮುಟ್ಟಿಲ್ಲ, ಮೆಟ್ರೊದಲ್ಲೇ ಓಡಾಡುತ್ತಾಳೆ, ಮಾರಿಬಿಡುವ ಮಾತೂ ಆಡುತ್ತಾಳೆ ಎಂದ. ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸು. ಈ ಪತ್ರವನ್ನು ಆಮೇಲೆ ಓದಿದರೂ ನಡೆಯುತ್ತದೆ.

ಇನ್ನು ಮಾರುವ ವಿಚಾರ. ಮಾರಬೇಡ ಪುಟ್ಟಿ. ನಿನಗೆ ಪೆಟ್ಟಾದದ್ದು ಗಾಡಿ ಬಿದ್ದದ್ದರಿಂದ ಅಲ್ಲ, ಬಿದ್ದ ಮೇಲಿನ ನಾಚಿಕೆಯಿಂದ. ಬಿದ್ದಾಗ ನಿನಗೆ ಒಂದು ತರಚು ಗಾಯವೂ ಆಗಿರಲಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ, ಬೇಗ ಎತ್ತಿ ಇಲ್ಲಿಂದ ಹೋಗಿಬಿಡಬೇಕು ಅನ್ನಿಸಿತಲ್ಲ, ಆ ಅವಸರವೇ ನಿನ್ನ ಸೊಂಟ ಹಿಡಿಸಿದ್ದು. ಯಾದವಗಿರಿಯ ಬೈಕ್ ಕಾರ್ಖಾನೆಗೆ ನಾನು ಸೇರಿದ ಹೊಸದರಲ್ಲಿ ಜೊತೆಯ ಹುಡುಗರನ್ನು ನೋಡಿದ್ದೇನೆ. ಬೀಳುತ್ತಿರುವ ಗಾಡಿಯನ್ನು ಹಿಡಿಯಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡವರು, ಬಿದ್ದದ್ದನ್ನು ಸೂಪರ್‌ವೈಸರ್ ನೋಡುವ ಮೊದಲೇ ಎತ್ತಲು ಹೋಗಿ ವಾರಗಟ್ಟಲೆ ರಜೆ ಹಾಕಿದವರು. ಬಿದ್ದ ಗಾಡಿಯ ಕೆಳಗೆ ಸಿಕ್ಕಿ ನೊಂದವರಿಗಿಂತ ಇವರೇ ಹೆಚ್ಚು.

ನಿನಗೆ ಆ ಕಾರ್ಖಾನೆಯ ನೆನಪಿರಲು ಸಾಧ್ಯವಿಲ್ಲ. ಐಡಿಯಲ್ ಜಾವಾ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು, ಆಗ ನೀನಿನ್ನೂ ಹುಟ್ಟಿರಲಿಲ್ಲ. ಜಾವಾ, ಆಮೇಲೆ ಯೆಜ್ಡಿ, ಊರಿನ ಅರ್ಧ ಮನೆಗಳ ಮುಂದೆ ಅವೇ ನಿಂತಿರುತ್ತಿದ್ದವು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿದ್ದ ಗಾಡಿ ಅದು. ಗಾಡಿ ಎಡಕ್ಕೆ ಬಿದ್ದು ಆ ಲಿವರ್ ಬಾಗಿತೋ, ಸ್ಟಾರ್ಟ್ ಮಾಡುವುದೂ ಕಷ್ಟ, ಗೇರ್ ಹಾಕುವುದೂ ಕಷ್ಟ. ಆದ್ದರಿಂದ ಓಡಿಸುವುದಕ್ಕಿಂತ ಮೊದಲು ತಳ್ಳುವುದನ್ನು ಕಲಿಯಿರಿ ಎಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು. ಗಾಡಿಯ ಎಡಬದಿಯಲ್ಲಿ ನಿಲ್ಲು, ಸೊಂಟ ಸೀಟಿಗೆ ತಾಗಿರಲಿ, ಗಾಡಿ ಕೂದಲೆಳೆಯಷ್ಟು ನಿನ್ನ ಕಡೆಗೇ ವಾಲಿರಲಿ, ಎರಡು ಬೆರಳು ಮುಂದಿನ ಬ್ರೇಕಿನ ಮೇಲಿರಲಿ. ಆಚೆ ಬದಿಗೆ ವಾಲಿದ ಗಾಡಿಯನ್ನು ಯಾರೂ ಎಳೆದು ನಿಲ್ಲಿಸಲಾರರು, ನಿನ್ನ ಕಡೆ ವಾಲಿದ್ದನ್ನು ಸೊಂಟವೇ ತಡೆಯುತ್ತದೆ. ಈ ಪಾಠವನ್ನು ಇವತ್ತಿನ ಶೋರೂಮುಗಳಲ್ಲಿ ಕೀಲಿ ಕೈಗೆ ಕೊಡುವಾಗ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕಿತ್ತು.

ಓಡುವ ಬೈಕು ಬೀಳದಿರುವುದು ಸವಾರರ ತೋಳ್ಬಲದಿಂದಲ್ಲ ಎನ್ನುವುದು ನಿನಗೆ ಗೊತ್ತಿರಬೇಕು, ನೀನು ಎಂಜಿನಿಯರಿಂಗ್ ಓದಿದವಳು. ಗಾಡಿ ಎಡಕ್ಕೆ ವಾಲಿತೆಂದರೆ ಮುಂದಿನ ಚಕ್ರ ತಾನಾಗಿಯೇ ಎಡಕ್ಕೆ ಹೊರಳುತ್ತದೆ, ಚಕ್ರಗಳು ಸರಿದು ಮತ್ತೆ ಭಾರದ ಅಡಿಗೆ ಬರುತ್ತವೆ. ಚಕ್ರ ಬುಗುರಿಯಂತೆ ಸುತ್ತುವುದರಿಂದ ಹೀಗಾಗುತ್ತದೆ ಎಂದು ನಾವು ಓದಿಕೊಂಡಿದ್ದೆವು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಆ ಪರಿಣಾಮವನ್ನು ಅಳಿಸಿಹಾಕಲು ಸೈಕಲ್ಲಿಗೆ ಉಲ್ಟಾ ಸುತ್ತುವ ಇನ್ನೊಂದು ಚಕ್ರ ಜೋಡಿಸಿ ನೋಡಿದ, ಆದರೂ ಅದನ್ನು ಓಡಿಸಲು ಸಾಧ್ಯವಾಯಿತು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಇನ್ನೂ ಮುಂದೆ ಹೋಗಿ, ಬುಗುರಿಯ ಗುಣವನ್ನೂ ಮುಂದಿನ ಚಕ್ರದ ಓರೆ ಜೋಡಣೆಯಿಂದ ಸಿಗುವ ಅನುಕೂಲವನ್ನೂ ಎರಡನ್ನೂ ತೆಗೆದುಹಾಕಿದ ಸೈಕಲ್ ಮಾಡಿದರು. ತಳ್ಳಿಬಿಟ್ಟರೆ ಅದು ಸವಾರರಿಲ್ಲದೆಯೇ ನೆಟ್ಟಗೆ ಓಡಿತು. ಭಾರ ಎಲ್ಲೆಲ್ಲಿ ಹಂಚಿಕೆಯಾಗಿದೆ ಎಂಬುದೂ ಸಾಕು ಎಂದಾಯಿತು. ಆದರೆ ಇದೆಲ್ಲ ನಡೆಯುವುದಕ್ಕೆ ಚಲನೆ ಬೇಕು. ವೇಗ ಇಳಿದಂತೆ ಗಾಡಿಯ ಈ ಸ್ವಂತ ಬುದ್ಧಿ ಇಲ್ಲವಾಗುತ್ತ ಹೋಗುತ್ತದೆ. ನಡಿಗೆಯ ವೇಗಕ್ಕೆ ಬಂದಾಗ ಉಳಿಯುವುದು ನೀನು ಮತ್ತು ಆ ಭಾರ. ಹೆದ್ದಾರಿಯಲ್ಲಿ ಹಾಯಾಗಿ ಹೋಗುವವರು ಪೆಟ್ರೋಲ್ ಬಂಕಿನಲ್ಲಿ ಬೀಳಿಸುವುದು ಇದಕ್ಕೇ.

ನಿನ್ನ ಕ್ಲಾಸಿಕ್ 350 ಬೈಕಿನ ತೂಕ 195 ಕೆಜಿ. ನಾನೊಂದು ಒರಟು ಲೆಕ್ಕ ಹಾಕಿದೆ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ, ಹ್ಯಾಂಡಲ್ ಒಂದು ಮೀಟರ್ ಮೇಲೆ ಇದೆ ಎಂದು ಹಿಡಿ. ಗಾಡಿ 5 ಡಿಗ್ರಿ ವಾಲಿದಾಗ ಹ್ಯಾಂಡಲಿನಲ್ಲಿ ತಡೆಯಬೇಕಾದ ಭಾರ ಎಂಟೊಂಬತ್ತು ಕೆಜಿ ಮಾತ್ರ. 10 ಡಿಗ್ರಿಗೆ ಸುಮಾರು 17. 30 ಡಿಗ್ರಿಗೆ ಸುಮಾರು 49. 45ಕ್ಕೆ 69 ಕೆಜಿ. ಮೊದಲ ಕ್ಷಣದಲ್ಲಿ ಒಂದು ಕೈಯಲ್ಲಿ ತಡೆಯಬಹುದಾದದ್ದು, ಕಣ್ಣು ಮಿಟುಕಿಸುವುದರೊಳಗೆ ಯಾರ ಕೈಗೂ ನಿಲುಕದ್ದಾಗುತ್ತದೆ. ಆದ್ದರಿಂದ ಇದೊಂದನ್ನು ನನಗಾಗಿ ನಡೆಸಿಕೊಡು. ತಡೆಯಲಾಗುತ್ತಿಲ್ಲ ಎಂದು ತೊಡೆಗೆ ಗೊತ್ತಾದ ಕೂಡಲೇ ಬಿಟ್ಟುಬಿಡು. ಹ್ಯಾಂಡಲ್ ಬಿಟ್ಟು ಕಾಲು ಎಳೆದುಕೊಂಡು ಪಕ್ಕಕ್ಕೆ ಸರಿ. ಕಾಲು ಊರಿ ಗಾಡಿಯನ್ನು ಉಳಿಸಲು ಹೋದರೆ ಮಂಡಿಯ ಕಟ್ಟುಗಳು ಹರಿಯುತ್ತವೆ. ಬಾಗಿದ ಲಿವರ್, ಒಡೆದ ಮಿರರ್ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ.

ನಿನ್ನ ಗಾಡಿ ಯಾಕೆ ಬಿತ್ತು ಎಂಬುದನ್ನೂ ಯೋಚಿಸಿದೆ. ನಿಮ್ಮಪ್ಪ ಹೇಳಿದ್ದನ್ನು ಕೇಳಿದರೆ ಎರಡು ಸಂಗತಿ ಸೇರಿಕೊಂಡಿವೆ. ಒಂದು, ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕ್ ಹಿಡಿದಿದ್ದೀಯ. ನೆಟ್ಟಗಿರುವ ಗಾಡಿಗೆ ಬ್ರೇಕ್ ಹಾಕಿದರೆ ಅದು ಮೂಗು ತಗ್ಗಿಸಿ ನಿಲ್ಲುತ್ತದೆ, ಹ್ಯಾಂಡಲ್ ತಿರುಗಿದ್ದರೆ ಪೂರಾ ಭಾರ ತಿರುವಿನ ಒಳಬದಿಗೆ ಕುಸಿಯುತ್ತದೆ. ಇನ್ನೊಂದು, ಅಂಥ ತಿರುವಿನಲ್ಲಿ ಒಳಬದಿಯ ನೆಲ ಸಾಮಾನ್ಯವಾಗಿ ತಗ್ಗು. ಸೀಟಿನ ಎತ್ತರ 805 ಮಿಲಿಮೀಟರ್. ಸಮತಟ್ಟಾದ ಕಡೆ ಸರಿಯಾಗಿ ಎಟುಕುವ ನಿನ್ನ ಕಾಲು ಅಲ್ಲಿ ನೆಲ ಹುಡುಕುತ್ತ ಹೋಯಿತು, ಅಷ್ಟರಲ್ಲಿ 10 ಡಿಗ್ರಿ ದಾಟಿತು. ಇನ್ನು ಮುಂದೆ ಮುಂದಿನ ಕಾರು ಪೂರ್ತಿ ಮೇಲೆ ಹೋಗುವವರೆಗೂ ಕೆಳಗೆ ಸಮತಟ್ಟಿನಲ್ಲೇ ಕಾಯಿ. ಹಿಂದಿನವರು ಎಷ್ಟಾದರೂ ಹಾರ್ನ್ ಹೊಡೆಯಲಿ. ಏರಿನಲ್ಲಿ ನಿಲ್ಲಲೇಬೇಕಾದರೆ ನಿಲ್ಲುವುದಕ್ಕೆ ಒಂದು ಗಜ ಮೊದಲೇ ಹ್ಯಾಂಡಲ್ ನೆಟ್ಟಗೆ ಮಾಡಿಕೊ, ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಎಡಗಾಲು ನೆಲಕ್ಕೆ. ಹೊರಡುವಾಗ ಕ್ಲಚ್ಚನ್ನು ಅರ್ಧ ಬಿಟ್ಟು ಗಾಡಿ ಮುಂದಕ್ಕೆ ಎಳೆಯುವುದನ್ನು ಕಂಡ ಮೇಲಷ್ಟೇ ಬ್ರೇಕ್ ಬಿಡು.

ಬಿದ್ದರೆ ಎತ್ತುವುದು ಹೇಗೆ? ಮೊದಲು ಉಸಿರು ತೆಗೆದುಕೊ. ಕೀಲಿ ಆಫ್ ಮಾಡು. ಹಿಂದೆ ವಾಹನ ಬರುತ್ತಿದೆಯೇ, ಪೆಟ್ರೋಲ್ ಸೋರುತ್ತಿದೆಯೇ ನೋಡು. ಸೈಲೆನ್ಸರ್ ಕಾದಿರುತ್ತದೆ, ಜ್ಞಾಪಕವಿರಲಿ. ಯಾರಾದರೂ ಸಹಾಯಕ್ಕೆ ಬಂದರೆ ಬೇಡ ಎನ್ನಬೇಡ, ನಮ್ಮ ಕಡೆ ಬಿದ್ದ ಗಾಡಿ ನೋಡಿದರೆ ರಸ್ತೆಯ ಆಚೆಯಿಂದಲೂ ಜನ ಓಡಿ ಬರುತ್ತಾರೆ, ಅದು ನಮ್ಮ ಊರುಗಳ ಒಳ್ಳೆಯ ಗುಣ. ಯಾರೂ ಇಲ್ಲದಿದ್ದರೆ ಹೀಗೆ ಮಾಡು. ಗಾಡಿ ಗೇರಿನಲ್ಲಿರಲಿ, ಇಲ್ಲದಿದ್ದರೆ ಎತ್ತುವಾಗ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಎಡಬದಿಯ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡು, ಆಗ ಗಾಡಿ ಎದ್ದು ಆಚೆಗೆ ವಾಲಿದರೂ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸು. ಈಗ ಗಾಡಿಗೆ ಬೆನ್ನು ಮಾಡಿ ಕುಕ್ಕುರು ಕೂರು, ಸೀಟಿನ ಅಂಚಿಗೆ ನಿತಂಬ ತಾಗಿರಲಿ. ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್ ಗ್ರಿಪ್, ಇನ್ನೊಂದು ಕೈಯಲ್ಲಿ ಹಿಂದಿನ ಹಿಡಿ. ಮಾರುಕಟ್ಟೆಯಲ್ಲಿ ಹಮಾಲರು ಲಾರಿಯಿಂದ ಮೂಟೆ ಇಳಿಸಿಕೊಳ್ಳುವಾಗ ಹೇಗೆ ಬೆನ್ನು ಕೊಟ್ಟು ಕಾಲಿನ ಬಲದಲ್ಲಿ ನಿಲ್ಲುತ್ತಾರೋ ಹಾಗೆ. ಬೆನ್ನು ನೆಟ್ಟಗಿಟ್ಟು, ತೊಡೆಯಿಂದ ತಳ್ಳುತ್ತ, ಪುಟ್ಟಪುಟ್ಟ ಹೆಜ್ಜೆ ಹಿಂದಕ್ಕೆ ಇಡುತ್ತ ಏಳು. ಎದುರಿಗೆ ನಿಂತು ಬಗ್ಗಿ ಎಳೆಯುವುದು ಮಾತ್ರ ಎಂದೆಂದಿಗೂ ಬೇಡ, ನೀನು ಮಾಡಿದ್ದು ಅದೇ ಇರಬೇಕು. ಇಳಿಜಾರಿನಲ್ಲಿ ತಗ್ಗಿನ ಕಡೆಗೆ ಬಿದ್ದಿದ್ದರೆ ಈ ಉಪಾಯವೂ ಕಷ್ಟ, ಜನ ಬರುವವರೆಗೆ ಕಾಯುವುದೇ ಸರಿ.

ಜಪಾನಿನ ಬೈಕ್ ಚಾಲನಾ ಶಾಲೆಗಳಲ್ಲಿ ಮಲಗಿಸಿದ ಬೈಕನ್ನು ಎತ್ತಿ ನಿಲ್ಲಿಸುವುದನ್ನು ಮೊದಮೊದಲ ಪಾಠಗಳಲ್ಲೇ ಕಲಿಸುತ್ತಾರೆ. ಅಲ್ಲಿ ಲೈಸೆನ್ಸ್ ಪರೀಕ್ಷೆಗೆ 30 ಸೆಂಟಿಮೀಟರ್ ಅಗಲ, 15 ಮೀಟರ್ ಉದ್ದದ ಒಂದು ಹಲಗೆ ಸೇತುವೆ ಇದೆ. ದೊಡ್ಡ ಬೈಕಿನವರು ಅದನ್ನು ದಾಟಲು ಕನಿಷ್ಠ 10 ಸೆಕೆಂಡ್ ತೆಗೆದುಕೊಳ್ಳಬೇಕು, ಬೇಗ ದಾಟಿದರೆ ಅಂಕ ಕಳೆಯುತ್ತಾರೆ. ನಿಧಾನವನ್ನು ಪರೀಕ್ಷೆ ಮಾಡುವ ಈ ಕ್ರಮ ನನಗೆ ಬಹಳ ಹಿಡಿಸಿತು. ನಮ್ಮ ಆರ್‌ಟಿಒ ಮೈದಾನದಲ್ಲಿ ನಮ್ಮ ಹತ್ತಿರ ಹೊಡೆಸುವ ಎಂಟರ ಅಂಕೆಯೂ ಇದೇ ವಿದ್ಯೆ, ಕಾಲು ನೆಲಕ್ಕೆ ತಾಗಿಸದೆ ತಿರುಗಬೇಕು. ದುಃಖವೆಂದರೆ ಹಗುರವಾದ ಗಾಡಿಯಲ್ಲಿ ಒಮ್ಮೆ ಎಂಟು ಹೊಡೆದು ಲೈಸೆನ್ಸ್ ಕೈಗೆ ಬಂದ ಮೇಲೆ ಮತ್ತೆ ಯಾರೂ ಅದನ್ನು ಹೊಡೆಯುವುದಿಲ್ಲ. ನೀನು ಹೊಡೆಯಬೇಕು. ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ, ಮೊದಲನೇ ಗೇರ್, ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ ಹಿಡಿದು, ಮುಂದಿನ ಬ್ರೇಕಿನಿಂದ ಬೆರಳು ದೂರ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಹೋಗಬೇಕಾದ ಕಡೆಗಿರಲಿ. ಯೂ ಟರ್ನಿನಲ್ಲಿ ಬೀಳುವವರೆಲ್ಲ ನೆಲ ನೋಡುತ್ತಿರುತ್ತಾರೆ.

ನಿಲ್ಲಿಸಿದ ಗಾಡಿಗಳೂ ಬೀಳುತ್ತವೆ, ಅದು ಬೇರೆ ಕಥೆ. ಮಳೆಗಾಲದಲ್ಲಿ ಕೆಂಪು ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಹೋದರೆ ಕಾಫಿ ಕುಡಿದು ಬರುವುದರೊಳಗೆ ಸ್ಟ್ಯಾಂಡು ಹೂತು ಗಾಡಿ ಮಲಗಿರುತ್ತದೆ. ಒಂದು ಚಪ್ಪಟೆ ಕಲ್ಲೋ ಹಲಗೆ ಚೂರೋ ಕೆಳಗಿಡು. ಏಪ್ರಿಲ್ ಬಿಸಿಲಿನಲ್ಲಿ ಮೆತ್ತಗಾದ ಟಾರಿನಲ್ಲೂ ಅಷ್ಟೇ. ಇಳಿಜಾರಿನಲ್ಲಿ ಮೂಗು ಏರಿನ ಕಡೆಗಿಟ್ಟು, ಮೊದಲನೇ ಗೇರಿನಲ್ಲಿ ಬಿಟ್ಟು, ಹ್ಯಾಂಡಲ್ ಎಡಕ್ಕೆ ತಿರುಗಿಸಿ ನಿಲ್ಲಿಸು. ಮೂಗು ಇಳಿಜಾರಿಗೆ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗಾಡಿ ಮುಂದಕ್ಕೆ ಜರುಗಿ ಸ್ಟ್ಯಾಂಡ್ ತಾನಾಗಿ ಮಡಚಿಕೊಳ್ಳುತ್ತದೆ. ಚಾಮುಂಡಿ ಬೆಟ್ಟದ ಮೇಲೆ ಇಂಥದ್ದು ಎಷ್ಟೋ ನೋಡಿದ್ದೇನೆ, ಒಂದು ಬಿದ್ದರೆ ಸಾಲಿನಲ್ಲಿರುವವೆಲ್ಲ ಬೀಳುತ್ತವೆ. ಹಿಂದೆ ಕೂತವರಿಗೂ ಹೇಳಿಡು: ನೀನು ಎರಡೂ ಕಾಲು ಊರಿ ‘ಇಳೀರಿ’ ಎನ್ನುವವರೆಗೆ ಇಳಿಯಬಾರದು. ನಿಮ್ಮಜ್ಜಿಯಂಥವರು ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತಿದ್ದರಂತೂ ಇನ್ನೂ ಜೋಪಾನ, ಅವರು ಇಳಿದ ಕ್ಷಣಕ್ಕೆ ಭಾರವೆಲ್ಲ ಆಚೆಗೆ ಹೋಗುತ್ತದೆ.

ಈಗ ಗಾಡಿಯನ್ನು ಹೊರತೆಗೆಯುವ ಮೊದಲು ಒಂದಿಷ್ಟು ನೋಡಬೇಕು. ಕ್ಲಚ್ ಲಿವರ್ ಬಾಗಿದೆಯಂತೆ. ಅದನ್ನು ಕೈಯಲ್ಲಿ ನೆಟ್ಟಗೆ ಮಾಡಲು ಹೋಗಬೇಡ, ಎರಕದ ಅಲ್ಯೂಮಿನಿಯಂ ಒಳಗೇ ಬಿರುಕು ಬಿಟ್ಟಿರುತ್ತದೆ, ನಡುರಸ್ತೆಯಲ್ಲಿ ತುಂಡಾದೀತು. ಹೊಸದು ಹಾಕಿಸು. ಗೇರ್ ಲಿವರ್ ಎಂಜಿನ್ನಿಗೆ ತಾಗುತ್ತಿದೆಯೇ, ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಚಟಕ್ಕನೆ ವಾಪಸ್ ಬರುತ್ತದೆಯೇ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ, ಬ್ರೇಕ್ ಆಯಿಲ್ ಸೋರಿದೆಯೇ ನೋಡಿಸು. ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಇಂಜೆಕ್ಷನ್ ಇರುವ ಬಹಳಷ್ಟು ಗಾಡಿಗಳಲ್ಲಿ, ವಾಲಿದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಕೀಲಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಹೊಸ ಲಿವರ್ ಕೂರಿಸುವಾಗ ಅದರ ಕ್ಲಾಂಪನ್ನು ಪೂರ್ತಿ ಬಿಗಿ ಮಾಡಬೇಡಿ ಎಂದು ಮೆಕ್ಯಾನಿಕ್ಕಿಗೆ ಹೇಳು. ಬಲವಾಗಿ ಒತ್ತಿದರೆ ಕೊಂಚ ತಿರುಗುವಷ್ಟಿದ್ದರೆ, ಮುಂದಿನ ಸಲ ಬಿದ್ದಾಗ ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ಮುಂದಿನ ಸಲ ಎಂದು ಬೇಕೆಂದೇ ಬರೆದಿದ್ದೇನೆ. ಬೀಳುತ್ತದೆ ಪುಟ್ಟಿ. ‘ಹುಡುಗಿಗೆ ಅಷ್ಟು ಭಾರದ ಗಾಡಿ ಯಾಕೆ ಬೇಕಿತ್ತು’ ಎಂದು ಪಕ್ಕದ ಮನೆಯವರು ಅಂದರಂತೆ, ಅದು ನಿನ್ನ ಮನಸ್ಸಿಗೆ ನಾಟಿದೆ ಎಂದು ನಿಮ್ಮಪ್ಪ ಹೇಳಿದ. ಆ ಮಾತು ತಪ್ಪು. 30 ಡಿಗ್ರಿ ದಾಟಿದ ಮೇಲೆ ಯಾವ ಗಂಡಸಿಗೂ ಆ ಗಾಡಿ ನಿಲ್ಲುವುದಿಲ್ಲ, ಮೇಲೆ ಹಾಕಿದ ಲೆಕ್ಕವನ್ನು ಅವರಿಗೆ ತೋರಿಸು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಲೀಲಾಜಾಲವಾಗಿ ಗಾಡಿ ತಿರುಗಿಸುತ್ತಿದ್ದ ಮನುಷ್ಯ ನನ್ನ ಹೆಗಲಿಗೆ ಬರುವಷ್ಟು ಎತ್ತರದವನು, ಮೈಯಲ್ಲಿ ಮಾಂಸವೇ ಇರಲಿಲ್ಲ. ನಿನ್ನ ಸ್ವಂತ ಸಂಬಳದಲ್ಲಿ ನಿನಗೆ ಇಷ್ಟವೆಂದು ತೆಗೆದುಕೊಂಡ ಗಾಡಿ ಅದು. ಅದರ ಮೇಲೆ ಕೂತು ಮೊದಲ ಸಲ ನಮ್ಮ ಮನೆ ಮುಂದೆ ಬಂದಾಗ ನಿನ್ನ ಮುಖ ಹೇಗಿತ್ತೆಂದು ದೊಡ್ಡಮ್ಮ ಈಗಲೂ ಹೇಳುತ್ತಾಳೆ.

ಸೊಂಟ ಪೂರ್ತಿ ವಾಸಿಯಾದ ಮೇಲೆ ರೈಲಿನಲ್ಲೋ ಬಸ್ಸಿನಲ್ಲೋ ಬಾ, ಈ ಸಲ ಗಾಡಿ ತರಬೇಡ. ಇಲ್ಲಿ ನನ್ನ ಸ್ನೇಹಿತರೊಬ್ಬರ ಹಳೆಯ ಯೆಜ್ಡಿ ಇದೆ. ಹಳೆಯ ಹಾಸಿಗೆಯೊಂದರ ಮೇಲೆ ಅದನ್ನು ಮಲಗಿಸಿ ಎತ್ತುವುದನ್ನು ಕಲಿಯೋಣ, ಆಮೇಲೆ ಸಾಕೆನಿಸುವಷ್ಟು ಎಂಟು ಹೊಡೆ. ಬರುವಾಗ ಆ ಬಾಗಿದ ಕ್ಲಚ್ ಲಿವರನ್ನು ಮೆಕ್ಯಾನಿಕ್ ಹತ್ತಿರ ಕೇಳಿ ತೆಗೆದುಕೊಂಡು ಬಾ, ಎಲ್ಲಿ ಬಾಗಿದೆ ಎಂದು ನಾನು ನೋಡಬೇಕು.

ಇಂತಿ ನಿನ್ನ
ದೊಡ್ಡಪ್ಪ