ಆಪ್ತಪತ್ರವೂ ಅಡಿಟಿಪ್ಪಣಿಯೂ

ಹಿರಿಯ ವಿದ್ವಾಂಸರೊಬ್ಬರು ತಮಗೆ ಬರೆದ ಕಾಗದದ ಕೆಲವು ಸಾಲುಗಳನ್ನು ಸಂಶೋಧನ ಪ್ರಬಂಧದಲ್ಲಿ ಉದ್ಧರಿಸಬಹುದೇ ಎಂದು ಕೇಳಿರುವಿರಿ. ಕಾಗದವು ತಮ್ಮ ಸ್ವತ್ತಾದರೂ ಅದರೊಳಗಣ ವಾಕ್ಯಗಳ ಮೇಲಣ ಹಕ್ಕು ಬರೆದವರದೆಂಬುದನ್ನು, ಕವಿ ಅಲೆಗ್ಸಾಂಡರ್ ಪೋಪನು ಪ್ರಕಾಶಕ ಕರ್ಲನ ಮೇಲೆ ಹೂಡಿದ ವ್ಯಾಜ್ಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯವು 1741ರಷ್ಟು ಹಿಂದೆಯೇ ನಿರ್ಣಯಿಸಿತು. ನಮ್ಮ 1957ರ ಕೃತಿಸ್ವಾಮ್ಯ ಶಾಸನವು ಸಂಶೋಧನೆಗೂ ವಿಮರ್ಶೆಗೂ ನ್ಯಾಯೋಚಿತವಾದ ಬಳಕೆಯನ್ನು ಮನ್ನಿಸುವುದು ದಿಟವಾದರೂ, ಅಷ್ಟರಿಂದಲೇ ಸೌಜನ್ಯವು ಪೂರ್ಣವಾಗದು. ಏಕೆಂದರೆ ಸಲುಗೆಯಲ್ಲಿ ಹೊರಟ ಊಹೆಯೊಂದು, ಅಡಿಟಿಪ್ಪಣಿಯಲ್ಲಿ ಅಚ್ಚಾದೊಡನೆ, ಅವರ ಸಿದ್ಧಾಂತವೆಂದೇ ಪರಿಗಣಿತವಾಗಿ (ಪಂಡಿತರ ಕಲಹಗಳಲ್ಲಿ ಎಷ್ಟೋ ಹೀಗೆಯೇ ಹುಟ್ಟುವುವು) ಅವರನ್ನು ಬಾಧಿಸೀತು. ಆದುದರಿಂದ ಉದ್ಧರಿಸಲಿರುವ ಸಾಲುಗಳನ್ನು ಸಂದರ್ಭಸಹಿತವಾಗಿ ಅವರಿಗೇ ಕಳುಹಿಸಿ ಲಿಖಿತ ಸಮ್ಮತಿಯನ್ನು ಪಡೆಯಿರಿ, ತಿದ್ದಬಯಸಿದರೆ ತಿದ್ದಲಿ. ಒಲ್ಲೆನೆಂದರೆ ಬಿಟ್ಟುಬಿಡಿ, ಆದರೆ ಆ ವಿಚಾರವನ್ನು ತಮ್ಮದೆಂಬಂತೆ ಮಾತ್ರ ಬರೆಯತಕ್ಕದ್ದಲ್ಲ.