ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ?

ಆಟದ ಕಂಪ್ಯೂಟರಿನಲ್ಲಿ ಯಾವ ವಸ್ತು ಎಲ್ಲಿರಬೇಕೆಂಬುದನ್ನು ಪ್ರೊಸೆಸರು ಗಣಿಸುವುದು. ಗ್ರಾಫಿಕ್ಸ್ ಕಾರ್ಡು ಅದನ್ನು ಚಿತ್ರಿಸುವುದು. ಸೆಕೆಂಡಿಗೆ 60 ಚಿತ್ರಗಳು ಬೇಕಾದರೆ ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಎರಡರಲ್ಲಿ ನಿಧಾನವಾದುದೇ ಆಟದ ವೇಗವನ್ನು ನಿರ್ಧರಿಸುವುದು. 1920×1080 ತೆರೆಯಲ್ಲಿ 20,73,600 ಚಿತ್ರಬಿಂದುಗಳಿವೆ. 3840×2160ರಲ್ಲಿ ಅದರ ನಾಲ್ಮಡಿ. ಬಿಂದುಗಳು ಹೆಚ್ಚಿದಂತೆ ಕಾರ್ಡಿನ ಹೊರೆ ಏರುವುದು. ಪ್ರೊಸೆಸರಿನದು ಬಹುಮಟ್ಟಿಗೆ ಹಾಗೆಯೇ ಉಳಿಯುವುದು. ಆದುದರಿಂದ ಬಿಂದುಗಳನ್ನು ಕಡಮೆ ಮಾಡಿ ನೋಡೋಣ: ಆಗಲೂ ವೇಗ ಏರದಿದ್ದರೆ ತಡೆ ಪ್ರೊಸೆಸರಿನಲ್ಲಿದೆಯೆಂದು ಊಹಿಸಬಹುದು.

ಬಾಳಿಕೆಯ ಮಾತು ಬೇರೆ. ಕಾರ್ಡನ್ನು ಮುಂದೆ ಬದಲಾಯಿಸುವುದು ಸುಲಭ. ಪ್ರೊಸೆಸರಾದರೋ ಮದರ್‌ಬೋರ್ಡಿನ ಸಾಕೆಟ್ಟಿಗೆ ಹೊಂದಲೇಬೇಕು. 2016ರ ಎಎಂಡಿ ‘ಎಎಂ4’ ಸಾಕೆಟ್ಟಿಗೆ 2022ರಲ್ಲಿಯೂ ಹೊಸ ಪ್ರೊಸೆಸರುಗಳು ಬಂದವು. ಇಂತಹ ದೀರ್ಘಾಯುಷ್ಯ ಅಪರೂಪ. ಹಣ ಮಿತವಾಗಿದ್ದರೆ ನಾವು ಇಂದಿನ ತೆರೆಗೆ ಸಾಲುವ ಕಾರ್ಡನ್ನೂ ಇಂದಿನ ಅಗತ್ಯಕ್ಕಿಂತ ತುಸು ಮಿಗಿಲಾದ ಪ್ರೊಸೆಸರನ್ನೂ ಆರಿಸುವೆವು.