ಜೂನ್ ಫೀಸಿಗೆ ಅಡಿಕೆ ಮಾರುವಾಗಲೇ ದುಡ್ಡು ಎತ್ತಿಡಿ

ಆಯನೂರಿನ ಸುತ್ತಮುತ್ತ ಮನೆಗೆ ದುಡ್ಡು ಬರುವುದು ಮೆಕ್ಕೆಜೋಳ, ಅಡಿಕೆ ಮಾರಿದಾಗ. ಶಾಲೆಯವರು ಫೀಸು ಕೇಳುವುದು ಮೇ, ಜೂನ್‌ನಲ್ಲಿ. ಬೀಜ, ಗೊಬ್ಬರಕ್ಕೂ ಆಗಲೇ ದುಡ್ಡು ಬೇಕು. ಮಕ್ಕಳನ್ನು ಶಿವಮೊಗ್ಗದ ಖಾಸಗಿ ಶಾಲೆಗೆ ಕಳಿಸುವ ನಮ್ಮ ಕಡೆಯ ಮನೆಗಳು ಕೈಸಾಲಕ್ಕೆ ಬೀಳುವುದು ಹೀಗೆ.

ಮಗಳ ಒಂದನೇ ತರಗತಿಗೆ ನಗರದ ಶಾಲೆಯೊಂದರಲ್ಲಿ ವಿಚಾರಿಸಿದ್ದೆವು. ಮೊದಲು ಹೇಳಿದ್ದು ಬೋಧನಾ ಶುಲ್ಕವಷ್ಟೇ. ಕೇಳುತ್ತಾ ಹೋದಂತೆ ಪುಸ್ತಕ, ಯೂನಿಫಾರ್ಮ್, ವ್ಯಾನ್ ಬಾಡಿಗೆ ಸೇರಿದವು. ಕೊನೆಗೆ ರಸೀದಿ ಇಲ್ಲದ ಡೊನೇಷನ್ ಮಾತು ಬಂತು. ಅಲ್ಲಿಂದ ಎದ್ದು ಬಂದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 13ನೇ ಸೆಕ್ಷನ್ ಡೊನೇಷನ್ನನ್ನೂ, ಪ್ರವೇಶಕ್ಕೆ ಮಗುವನ್ನೋ ತಂದೆತಾಯಿಯನ್ನೋ ಸಂದರ್ಶಿಸುವುದನ್ನೂ ನಿಷೇಧಿಸಿದೆ. ವಸೂಲಿ ಮಾಡಿದರೆ ಅದರ ಹತ್ತು ಪಟ್ಟಿನವರೆಗೆ ದಂಡವಿದೆ. ದೂರನ್ನು ಬಿಇಒ ಕಚೇರಿಗೆ ಬರೆದು ಕೊಡಿ. ಶಾಲೆಗೆ ಮಾನ್ಯತೆ ಎಷ್ಟನೇ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ ಇದೆ ಎಂಬುದನ್ನೂ ಅಲ್ಲೇ ಕೇಳಿ.

ಸೇರಿಸುವ ಮುಂಚೆ ವರ್ಷದ ಪೂರ್ತಿ ಖರ್ಚನ್ನು ಬರಹದಲ್ಲಿ ಪಡೆಯಿರಿ. ಆಮೇಲೆ ಹತ್ತನೇ ತರಗತಿಯವರೆಗೆ ಲೆಕ್ಕ ಹಾಕಿ. ಈಗ ವರ್ಷಕ್ಕೆ 30,000 ರೂಪಾಯಿ, ಪ್ರತಿವರ್ಷ ಶೇ 10 ಏರಿಕೆ ಎಂದುಕೊಂಡರೆ ಹತ್ತನೇ ತರಗತಿಯ ಹೊತ್ತಿಗೆ ವರ್ಷಕ್ಕೆ ಸುಮಾರು 70,700 ಆಗುತ್ತದೆ. ಹತ್ತು ವರ್ಷಕ್ಕೆ ಒಟ್ಟು 4.78 ಲಕ್ಷ. ಎರಡನೇ ಮಗು ಇದ್ದರೆ ಅದರ ಲೆಕ್ಕವನ್ನೂ ಇದಕ್ಕೆ ಸೇರಿಸಿ. ಮೊದಲ ವರ್ಷದ ಫೀಸು ಕಟ್ಟಬಲ್ಲೆವು ಎಂಬ ಧೈರ್ಯದ ಮೇಲೆ ಶಾಲೆ ಆರಿಸಬಾರದು.

ಆರ್‌ಟಿಇ ಸೀಟನ್ನು ನಂಬಿ ಕೂರಬೇಡಿ. 2019ರಲ್ಲಿ ರಾಜ್ಯದ ನಿಯಮ ಬದಲಾದ ಮೇಲೆ ಖಾಸಗಿ ಶಾಲೆಗಳಲ್ಲಿ ಆ ಸೀಟುಗಳು ತೀರಾ ಕಡಿಮೆಯಾಗಿವೆ. ಆದರೆ ಆರನೇ ತರಗತಿಗೆ ಗಾಜನೂರಿನ ನವೋದಯ ವಿದ್ಯಾಲಯವಿದೆ. ಪ್ರವೇಶ ಪರೀಕ್ಷೆಯ ಮೂಲಕ ತುಂಬುವ ಸೀಟುಗಳಲ್ಲಿ ಕನಿಷ್ಠ ಶೇ 75 ಹಳ್ಳಿ ಮಕ್ಕಳಿಗೆ ಮೀಸಲು; ಊಟ, ವಸತಿ, ಪುಸ್ತಕ ಉಚಿತ. ಐದನೆಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಓದಿಸಿ ಈ ಪರೀಕ್ಷೆಗೆ ಕೂರಿಸುವುದು ಮರ್ಯಾದೆಗೆ ಕಡಿಮೆಯ ದಾರಿಯಲ್ಲ.

ಖಾಸಗಿ ಶಾಲೆಯೇ ಎಂದು ತೀರ್ಮಾನಿಸಿದರೆ, ಮಂಡಿಯಿಂದ ಅಡಿಕೆ ದುಡ್ಡು ಬಂದ ವಾರವೇ ಫೀಸಿನ ಪಾಲನ್ನು ಏಪ್ರಿಲ್‌ ಕೊನೆಗೆ ಕೈಗೆ ಸಿಗುವಂತೆ ಬ್ಯಾಂಕಿನಲ್ಲಿ ಠೇವಣಿ ಇಡಿ. ನಮ್ಮ ಮನೆಯಲ್ಲಿ ಇದನ್ನೇ ಮಾಡುತ್ತೇವೆ. ಮಗಳ ಫೀಸಿಗಾಗಿ ಯಾರ ಬಾಗಿಲಿಗೂ ಹೋಗಿಲ್ಲ.